ಕಾಲುಚೀಲ

ಗ್ರಿಮ್ಸ್‌ಬಿಯ ಬಂದರಿನ ಗಾಳಿಗೆ
ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಎಮರ್ಜೆನ್ಸಿಯ ಬಾಗಿಲು.
ರಾತ್ರಿ ಹನ್ನೊಂದೂವರೆ.
ಒಂಬತ್ತು ವರ್ಷದ ನೇಥನ್ ಡ್ರೂರಿ
ಮಂಡಿಯನ್ನು ಎದೆಗೆ ಒತ್ತಿಕೊಂಡು
ಸೀಗಡಿಯ ಹಾಗೆ ಮುದುಡಿ ಮಲಗಿದ್ದ.

ಕರೆತಂದವನು ಅಜ್ಜ. ಮೀನಿಗೆ ಹೊಗೆ ಕೊಡುವ ಕೊಟ್ಟಿಗೆಯಲ್ಲಿ
ನಲವತ್ತು ವರ್ಷ ದುಡಿದವನು, ಕೋಟಿನಲ್ಲಿನ್ನೂ ಆ ವಾಸನೆ.
ಎಲ್ಲ ಹೇಳಿದ, ಅಡ್ಡಾದಿಡ್ಡಿಯಾಗಿ:
ಹದಿನೈದು ದಿನದ ಹಿಂದೆ ಗಂಟಲು ಕೆಟ್ಟಿತ್ತು,
ಮೊನ್ನೆಯಿಂದ ಕುಂಟುತ್ತಾನೆ, ಫುಟ್‌ಬಾಲ್ ಇರಬೇಕು,
ಇವತ್ತು ಮೂರು ಸಲ ವಾಂತಿ,
ಇವನ ತಾಯಿಗೆ ರಾತ್ರಿಪಾಳಿ, ಬರುತ್ತಾಳೆ.
ನಾನು ಬರೆದುಕೊಂಡದ್ದು: ವಾಂತಿ.

ಹೊಟ್ಟೆಯ ಬಲಕ್ಕೆ, ಕೆಳಗೆ, ಬೆರಳಿಟ್ಟೆ.
ಎತ್ತಿದಾಗ ಹುಡುಗ ಕಿರುಚಲಿಲ್ಲ,
ನನ್ನ ಮಣಿಕಟ್ಟು ಹಿಡಿದ, ಸಾಕು ಎನ್ನುವಂತೆ.
ನನಗೂ ಅಷ್ಟೇ ಸಾಕಾಗಿತ್ತು.
ರಕ್ತದ ವರದಿ ಹೌದೆಂದಿತು.
ಸ್ಕ್ಯಾನ್ ಮಾಡುವವಳು ಬರುವುದು ಬೆಳಿಗ್ಗೆ ಎಂಟಕ್ಕೆ,
ಹೊಟ್ಟೆ ಎಂಟರ ತನಕ ಕಾಯುವುದಿಲ್ಲ ಎಂದೆ,
"ಅಪೆಂಡಿಕ್ಸ್. ಹತ್ತರಲ್ಲಿ ಒಂಬತ್ತು ಪಾಲು."

ತಾಯಿ ಬಂದಳು, ತಲೆಯ ಮೇಲೆ ಫ್ಯಾಕ್ಟರಿಯ ಬಲೆಟೋಪಿ ಹಾಗೇ.
ಮಿಕ್ಕ ಒಂದು ಪಾಲು ಏನೆಂದು ಕೇಳದೆ
ಸಹಿ ಹಾಕಿದಳು.

ಥಿಯೇಟರಿನಲ್ಲಿ ಚಳಿ. ಅರಿವಳಿಕೆಯ ಡಾಕ್ಟರ್
ಊರಿನ ತಂಡದ ಕಪ್ಪುಬಿಳಿ ಪಟ್ಟೆಯ ಕಾಲುಚೀಲ ನೋಡಿ
ಇರಲಿ ಬಿಡಿ, ಬೆಚ್ಚಗಿರುತ್ತೆ ಎಂದರು.
ಇರಲಿ ಎಂದೆ ನಾನೂ.
ಹಸಿರು ಬಟ್ಟೆ ಹೊದಿಸಿದ ಮೇಲೆ ನನಗೆ ಉಳಿದದ್ದು
ಅಂಗೈಯಗಲದ ಹೊಟ್ಟೆ ಮಾತ್ರ.

ಒಳಗೆ ಅಪೆಂಡಿಕ್ಸು
ಎಳೆಯ ಎರೆಹುಳುವಿನಂತೆ ನಸುಗೆಂಪು, ನುಣುಪು, ನಿರಪರಾಧಿ.
ಪಕ್ಕದ ಸಣ್ಣಕರುಳೋ
ನೇರಳೆಹಣ್ಣು ತಿಂದ ನಾಲಗೆಯ ಹಾಗೆ
ಅಲ್ಲಲ್ಲಿ ಊದಿ, ಕಲೆಕಲೆಯಾಗಿ.
ಯಾರು ಹೊಡೆದರು ಈ ಕರುಳಿಗೆ?
ಯಾರೂ ಹೊಡೆದಿರಲಿಲ್ಲ. ಕೂದಲೆಳೆಯಂಥ ನಾಳಗಳು
ತಮ್ಮ ಗೋಡೆಗೆ ತಾವೇ ಕಿಚ್ಚಿಟ್ಟುಕೊಂಡು
ಒಳಗೊಳಗೇ ಒಸರಿದ್ದವು.
ಹೊಟ್ಟೆಕಿಚ್ಚು ಎಂಬ ಮಾತಿಗೆ ನಮ್ಮಲ್ಲಿ ಬೇರೆಯೇ ಅರ್ಥ,
ಅವತ್ತು ಅದು ಅಕ್ಷರಶಃ ಕಣ್ಣೆದುರಿಗಿತ್ತು,
ಓದಲು ಬರಲಿಲ್ಲ.

ತೆರೆದ ಮೇಲೆ ಬರಿಗೈಯಲ್ಲಿ ಹೊರಬರಬಾರದೆಂಬ ರೂಢಿ.
ಅಪೆಂಡಿಕ್ಸನ್ನೇ ತೆಗೆದೆ.
ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.
ಬಳ್ಳಾರಿಯ ಶಾಲೆಯಲ್ಲಿ ಮಾಸ್ತರು ಹೇಳಿದಾಗ ಬಿದ್ದು ಬಿದ್ದು ನಕ್ಕವಳು
ಮೂರು ಗಂಟೆಗೆ ಹೊಲಿಗೆ ಹಾಕುತ್ತ ನಗಲಿಲ್ಲ.

ಆರೂವರೆಗೆ ವಾರ್ಡಿನ ಬೆರಿಲ್,
ನಿವೃತ್ತಿಗೆ ನಾಲ್ಕು ತಿಂಗಳಿದ್ದವಳು,
ಹುಡುಗನ ಮೈ ಒರೆಸಲು ಹೋಗಿ ಕಾಲುಚೀಲ ಎಳೆದಳು.
ನಾನು ಓಡಿಹೋದಾಗ ಅವಳ ಕೈಯಲ್ಲಿ ಗಾಜಿನ ಲೋಟ.
ಅವನ ಮೀನಖಂಡಕ್ಕೆ ಒತ್ತಿ ತೋರಿಸಿದಳು:
ಗಾಜಿನ ಕೆಳಗೂ ಕಲೆ ಮಾಸಲಿಲ್ಲ.
ಹರಡಿನಿಂದ ಮಂಡಿ, ಮಂಡಿಯಿಂದ ತೊಡೆಯ ಹಿಂದಕ್ಕೆ
ಚೆಲ್ಲಿದ ಕುಂಕುಮ ತುಳಿದುಕೊಂಡು ಬಂದ ಹಾಗೆ.

ಒಂದು ಗಳಿಗೆ ಬೇರೆಯೇ ಭಯ.
ಆದರೆ ಜ್ವರವಿಲ್ಲ, ಕತ್ತು ಬಾಗುತ್ತಿದೆ,
ಹುಡುಗ ಟೋಸ್ಟ್ ಕೇಳುತ್ತಿದ್ದಾನೆ.
ಆಗ ಬಂದು ನಿಂತವು ಗಂಟಲು, ಕುಂಟು, ಹೊಟ್ಟೆ,
ಅಜ್ಜ ಹೇಳಿದ ಕ್ರಮದಲ್ಲೇ.

ರಕ್ತನಾಳಗಳ ಉರಿಯೂತ, ಎಂದೆ ತಾಯಿಗೆ.
ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಮೂತ್ರಪಿಂಡದ ಮೇಲೆ ಕಣ್ಣಿಡಬೇಕು,
ಆರು ತಿಂಗಳು ಮೂತ್ರ ಪರೀಕ್ಷೆ.
"ಹಾಗಾದ್ರೆ ಕೊಯ್ದದ್ದು?"
ಬೇಕಾಗಿರಲಿಲ್ಲ, ಎಂದೆ.
ಕನ್ನಡದಲ್ಲಾಗಿದ್ದರೆ ಇನ್ನೂ ನಾಲ್ಕು ಮಾತು ಸೇರಿಸಿ
ಮರೆಸಿಬಿಡುತ್ತಿದ್ದೆನೇನೋ.

ಎರಡು ಗಂಟೆಗೆ ಆ ಚೀಲದೊಳಗೆ ಚುಕ್ಕೆಗಳಿದ್ದವೇ?
ಅಥವಾ ನಾಲ್ಕಕ್ಕೆ, ಐದಕ್ಕೆ, ಒಂದೊಂದಾಗಿ ಮೂಡಿದವೇ?
ಎಷ್ಟೋ ಸಲ ಹೊಟ್ಟೆಯೇ ಮೊದಲು, ಚುಕ್ಕೆ ಆಮೇಲೆ,
ಎನ್ನುತ್ತಾರೆ ಹಿರಿಯರು, ನನ್ನ ಸಮಾಧಾನಕ್ಕೆ.
ಬೆರಿಲ್ ಏನೂ ಅನ್ನಲಿಲ್ಲ.
ಚೀಲ ಒಗೆದು ಹೀಟರಿನ ಮೇಲೆ ಹರವಿದ್ದಳು.
ಸಂಜೆಯವರೆಗೂ ಅಲ್ಲೇ ಇದ್ದವು, ಎರಡೂ,
ಹಿಮ್ಮಡಿಯ ಹತ್ತಿರ ಸವೆದು ತೆಳ್ಳಗಾಗಿ.